ಅವ್ವನ ರಿಪೋರ್ಟ್ ಎಲ್ಲಾ ನಾರ್ಮಲ್, ಆದ್ರೂ ಮೈಯೆಲ್ಲಾ ನೋವು ಅಂತಾಳೆ

ಪ್ರಶ್ನೆ: ನಮ್ಮದು ಬನಹಟ್ಟಿ. ಮನೆಯಲ್ಲಿ ಎರಡು ಪವರ್‌ಲೂಮ್ ಇವೆ. ಅವ್ವನಿಗೆ 56 ವರ್ಷ. ದೀಪಾವಳಿಯಿಂದ ಈಚೆಗೆ ಮೈ ಉರಿ, ತಲೆ ಭಾರ, ಬೆನ್ನು ನೋವು ಅಂತಾಳೆ. ಊಟ ಸೇರೋದಿಲ್ಲ. ರಾತ್ರಿ ಮೂರಕ್ಕೇ ಎದ್ದು ಕೂರುತ್ತಾಳೆ. ಮಿರಜ್‌ಗೆ ಎರಡು ಸಲ ಕರೆದುಕೊಂಡು ಹೋಗಿ ಸ್ಕ್ಯಾನ್ ಮಾಡಿಸಿದೆ, ಎಲ್ಲಾ ನಾರ್ಮಲ್. ಸಲಾಯಿನ್ ಹಚ್ಚಿಸಿದರೆ ಎರಡು ದಿನ ಹಗುರ, ಆಮೇಲೆ ಅದೇ ಕಥೆ. ಮೊದಲು ಅಡುಗೆಮನೆಯಿಂದಲೇ ಸದ್ದು ಕೇಳಿ ‘ಎಳಿ ಹರದೈತಿ ನೋಡೊ’ ಅಂತ ಕೂಗುತ್ತಿದ್ದಳು. ಈಗ ಮಗ್ಗ ನಿಂತರೂ ಯಾಕೆ ಅಂತ ಕೇಳೋದಿಲ್ಲ. ‘ದೇವರು ಲಗೂನ ಕರಕೊಂಡ್ರ ಸಾಕು’ ಅಂತಾಳೆ. ಮನೋವೈದ್ಯರಿಗೆ ತೋರಿಸಿ ಅಂತ ಒಬ್ಬ ಡಾಕ್ಟರ್ ಹೇಳಿದ್ದಕ್ಕೆ ‘ನನಗೇನ ಹುಚ್ಚ ಹಿಡದೈತೇನು’ ಅಂತ ಅತ್ತುಬಿಟ್ಟಳು. ಏನು ಮಾಡಲಿ?

ಉತ್ತರ: ನಿಮ್ಮ ಅವ್ವ ಸುಳ್ಳು ಹೇಳುತ್ತಿಲ್ಲ. ಇದನ್ನು ಮೊದಲು ಮನೆಯವರೆಲ್ಲ ನಂಬಬೇಕು. ರಿಪೋರ್ಟ್ ನಾರ್ಮಲ್ ಅಂದ್ರೆ ಏನೂ ಇಲ್ಲ ಅಂತಲ್ಲ, ಸ್ಕ್ಯಾನ್‌ನಲ್ಲಿ ಕಾಣುವ ಕಾಯಿಲೆ ಇಲ್ಲ ಅಂತ ಅಷ್ಟೇ. ನೀವು ಬರೆದದ್ದು ಓದಿದರೆ ನನಗೆ ಖಿನ್ನತೆಯೇ ಕಾಣುತ್ತದೆ. ಆದರೆ ಪತ್ರ ನೋಡಿ ಖಚಿತ ಹೇಳಲು ಬರುವುದಿಲ್ಲ, ಎದುರು ಕೂರಿಸಿಕೊಂಡೇ ನೋಡಬೇಕು.

ನಮ್ಮ ಕಡೆ ‘ನನಗೆ ಬೇಸರ’ ಅಂತ ಹೇಳಿಕೊಂಡು ಆಸ್ಪತ್ರೆಗೆ ಬರುವವರು ಕಡಿಮೆ. ಮೈ ಉರಿ, ಎದೆ ಡವಡವ, ಕೈಕಾಲು ಸೋತು ಹೋಗಿವೆ, ಹೀಗೇ ಬರುತ್ತಾರೆ. ನೋವನ್ನು ತಗ್ಗಿಸಲು ಮೆದುಳು ಬಳಸುವ ಸೆರಟೋನಿನ್, ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕಗಳಿಗೆ ಮನಸ್ಸಿನ ಸ್ಥಿತಿಯ ಜೊತೆಗೂ ನಂಟಿದೆ. ಅದಕ್ಕೇ ಖಿನ್ನತೆಯಲ್ಲಿ ಸಣ್ಣ ನೋವೂ ದೊಡ್ಡದಾಗುತ್ತದೆ. ನಸುಕಿನಲ್ಲೇ ಎಚ್ಚರವಾಗುವುದು, ಊಟ ಸೇರದಿರುವುದು, ಇಷ್ಟದ ಕೆಲಸವೂ ಬೇಡವಾಗುವುದು ಎರಡು ವಾರ ದಾಟಿದರೆ ತಡ ಮಾಡಬಾರದು. ಮಗ್ಗದ ಸದ್ದಿನ ವಿಷಯ ಬರೆದಿದ್ದೀರಲ್ಲ, ಅದನ್ನು ಡಾಕ್ಟರಿಗೆ ಮರೆಯದೆ ಹೇಳಿ. ಸ್ಕ್ಯಾನ್‌ಗಿಂತ ಜಾಸ್ತಿ ಅದು ಹೇಳುತ್ತದೆ. ಥೈರಾಯ್ಡ್, ಹಿಮೋಗ್ಲೋಬಿನ್, ಬಿ12 ಪರೀಕ್ಷೆ ಆಗಿಲ್ಲವಾದರೆ ಮಾಡಿಸಿ. ಇವು ಏರುಪೇರಾದರೂ ಹೀಗಾಗಬಹುದು.

‘ದೇವರು ಕರಕೊಂಡ್ರ ಸಾಕು’ ಅನ್ನುವುದನ್ನು ಸುಮ್ನೆ ಮಾತು ಅಂತ ಬಿಡಬೇಡಿ. ಇವತ್ತೇ ಪಕ್ಕದಲ್ಲಿ ಕೂತು ನೇರವಾಗಿ ಕೇಳಿ: ‘ಅವ್ವಾ, ಜೀವಕ್ಕ ಏನರ ಮಾಡಕೋಬೇಕು ಅನಸ್ತೈತೇನು?’ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಅನ್ನುವುದು ತಪ್ಪು. ಕೇಳಿದ್ದಕ್ಕೆ ಎಷ್ಟೋ ಜನ ಹಗುರಾಗುತ್ತಾರೆ. ಹೌದು ಅಂದರೆ ಒಬ್ಬಳನ್ನೇ ಬಿಡಬೇಡಿ, ಅವತ್ತೇ ಆಸ್ಪತ್ರೆಗೆ ಕರೆತನ್ನಿ. ಹೊಲದ ಔಷಧಿ, ಮಾತ್ರೆಗಳು ಮನೆಯಲ್ಲಿ ಕೈಗೆ ಸಿಗುವಂತಿರಬಾರದು.

ಇನ್ನು ಒಪ್ಪಿಸುವುದು. ‘ಮನಸ್ಸಿನ ಡಾಕ್ಟರ್’ ಅಂತ ವಾದಕ್ಕೆ ಇಳಿಯಬೇಡಿ. ‘ನಿದ್ದಿ ಇಲ್ಲ, ಮೈ ಉರಿ ಹೋಗವಲ್ದು, ಇದನ್ನ ಚಂದಗೆ ನೋಡೋ ಡಾಕ್ಟರ್ ಅದಾರ, ಒಮ್ಮೆ ಹೋಗಿ ಬರೂಣು’ ಅನ್ನಿ. ಇದರಲ್ಲಿ ಸುಳ್ಳೇನಿಲ್ಲ. ಬಾಗಲಕೋಟೆ ಜಿಲ್ಲಾ ಆಸ್ಪತ್ರೆಗೆ ಹೋಗಬಹುದು, ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್ ಕೂಡ ಇದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ನೋಡುವ ಮನೋಚೈತನ್ಯ ಎಂಬ ಸರ್ಕಾರಿ ಕಾರ್ಯಕ್ರಮವಿದೆ. ಡಾಕ್ಟರ್ ಬರುವ ದಿನ ಕೇಳಿಕೊಂಡೇ ಹೊರಡಿ. ರಾತ್ರಿ ಮೂರಕ್ಕೆ ಎದ್ದು ಕೂತಾಗ ದಿಕ್ಕು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ಹಗಲು ರಾತ್ರಿ ಸಿಗುತ್ತಾರೆ, ದುಡ್ಡಿಲ್ಲ.

ಖಿನ್ನತೆಯ ಮಾತ್ರೆ ಚಟ ಹಿಡಿಸುವುದಿಲ್ಲ. ಚಟವಾಗುವ ಭಯ ಇರುವುದು ಅಂಗಡಿಯಿಂದ ನೀವೇ ತಂದು ಕೊಡುವ ಕೆಲವು ನಿದ್ದೆ ಮಾತ್ರೆಗಳಿಂದ. ಅವು ಬೇಡ. ಖಿನ್ನತೆಯ ಮಾತ್ರೆ ಶುರು ಮಾಡಿದ ಮೊದಲ ವಾರ ಹೊಟ್ಟೆ ತೊಳಸಬಹುದು. ಗುಣ ಕಾಣಲು ಎರಡರಿಂದ ನಾಲ್ಕು ವಾರ, ಕೆಲವರಿಗೆ ಇನ್ನೂ ಜಾಸ್ತಿ ಬೇಕು. ಎಂಟು ದಿನಕ್ಕೇ ‘ಏನೂ ಆಗಲಿಲ್ಲ’ ಅಂತ ಬಿಟ್ಟು ಮತ್ತೆ ಸಲಾಯಿನ್‌ಗೆ ಹೋಗುವವರನ್ನು ನೋಡಿ ನನಗೆ ತುಂಬಾ ನೋವಾಗುತ್ತದೆ.

ಒಂದು ದಿನ ಅಡುಗೆಮನೆಯಿಂದ ‘ಎಳಿ ಹರದೈತಿ’ ಅಂತ ಕೂಗು ಬರಬಹುದು. ಖುಷಿಪಡಿ, ಆದರೆ ಅವತ್ತೇ ಮಾತ್ರೆ ನಿಲ್ಲಿಸಬೇಡಿ. ಚೇತರಿಸಿಕೊಂಡ ಮೇಲೂ ಕನಿಷ್ಠ ಆರು ತಿಂಗಳು ನುಂಗಬೇಕು. ಆಮೇಲೆ ಡಾಕ್ಟರೇ ನಿಧಾನವಾಗಿ ಇಳಿಸುತ್ತಾರೆ.