ಬೂಷ್ಟು ಹಿಡಿದ ಮೆಕ್ಕೆಜೋಳ ಬಿಸಿಲಿಗೆ ಹಾಕಿದರೆ ಸಾಲದು

ನಮಸ್ಕಾರ. ಇನ್ನೂ ಬೆದೆಯ ವಯಸ್ಸಾಗದ ಹೆಣ್ಣು ಹಂದಿಗಳ ಯೋನಿ ಕೆಂಪಾಗಿ ಊದಿದೆ, ಬೆಳೆಯುವ ಹಂದಿಗಳು ತೊಟ್ಟಿಯಲ್ಲೇ ಫೀಡ್ ಬಿಡುತ್ತಿವೆ, ಮೆಕ್ಕೆಜೋಳದಲ್ಲಿ ಬೂಷ್ಟು ಕಂಡಿದೆ ಎಂದು ಬರೆದಿದ್ದೀರಿ. ಅದನ್ನು ಒಣಗಿಸಿ ಕೊಡಿ ಎಂದು ನಿಮಗೆ ಇನ್ನೊಬ್ಬರು ಉತ್ತರ ಬರೆದಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಒಣಗಿಸಿದರೆ ಬೂಷ್ಟು ಬೆಳೆಯುವುದು ನಿಲ್ಲುತ್ತದೆ, ಅಷ್ಟೇ. ಅದು ಆಗಲೇ ಕಾಳಿನೊಳಗೆ ಬಿಟ್ಟ ವಿಷ ಅಲ್ಲೇ ಇರುತ್ತದೆ. ಬೇಯಿಸಿದರೂ ಹೋಗುವುದಿಲ್ಲ.

ಈ ಎರಡೂ ಲಕ್ಷಣ ಒಟ್ಟಿಗೆ ಕಂಡರೆ ನನ್ನ ಅನುಮಾನ ಫ್ಯುಸೇರಿಯಂ ಬೂಷ್ಟಿನ ಮೇಲೆ. ಒಂದೇ ಜೋಳದಲ್ಲಿ ಅದು ಎರಡು ವಿಷ ಬಿಡಬಲ್ಲದು. ಮೊದಲನೆಯದು ಜಿಯರಲೆನೋನ್. ಇದು ದೇಹದಲ್ಲಿ ಈಸ್ಟ್ರೋಜೆನ್ ಹಾರ್ಮೋನಿನಂತೆ ಕೆಲಸ ಮಾಡುತ್ತದೆ. ಹಾಗಾಗಿ ಎಳೆಯವುಗಳಲ್ಲಿ ಬೆದೆಯಂತೆ ಊತ, ಆದರೆ ಬೆದೆ ಅಲ್ಲ. ಜಾಸ್ತಿಯಾದರೆ ಯೋನಿ, ಗುದ ಹೊರಗೆ ಜಾರುವುದೂ ಉಂಟು. ತಾಯಿ ಹಂದಿಗಳಲ್ಲಿ ಕಥೆ ಬೇರೆ. ಅವು ಬೆದೆಗೇ ಬರುವುದಿಲ್ಲ, ನಾವು ಗಬ್ಬ ನಿಂತಿದೆ ಅಂದುಕೊಂಡು ಸುಮ್ನೆ ಕಾಯುತ್ತೇವೆ. ಗಂಡಿನ ಜೊತೆ ಕೂಡಿಸಿದ ಮೊದಲ ವಾರಗಳಲ್ಲಿ ತಿಂದರೆ ಗಬ್ಬ ಕರಗಿಯೂ ಹೋಗಬಹುದು. ಹಾಲು ಕುಡಿಯುವ ಹೆಣ್ಣು ಮರಿಗಳಲ್ಲೂ ಊತ ಇದ್ದರೆ ತಾಯಿಯ ಫೀಡನ್ನು ಮೊದಲು ನೋಡಿ.

ಎರಡನೆಯದು ಡಾನ್ (ಪೂರ್ತಿ ಹೆಸರು ಡಿಆಕ್ಸಿನಿವಾಲೆನಾಲ್), ವಾಂತಿ ವಿಷ ಅಂತಲೂ ಕರೆಯುತ್ತಾರೆ. ಫೀಡಿನಲ್ಲಿ ಕೆಜಿಗೆ 1 ಮಿಲಿಗ್ರಾಂ ಆಸುಪಾಸು ದಾಟಿದರೆ ಹಂದಿ ತಿನ್ನುವುದು ಕಡಿಮೆಯಾಗುತ್ತದೆ, ತೂಕ ಅಲ್ಲೇ ನಿಲ್ಲುತ್ತದೆ. ತೀರಾ ಜಾಸ್ತಿಯಾದರೆ ವಾಂತಿ. ಜ್ವರವೂ ಇದ್ದರೆ ಬೇರೆ ರೋಗವಿರಬಹುದು, ಡಾಕ್ಟರನ್ನು ಕರೆಸಿ. ಇನ್ನೊಂದು ಬಗೆಯ ಬೂಷ್ಟು ಬಿಡುವ ಅಫ್ಲಾಟಾಕ್ಸಿನ್ ಎಂಬ ವಿಷವನ್ನೂ ಮರೆಯಬೇಡಿ, ಅದು ಸದ್ದಿಲ್ಲದೆ ಲಿವರ್ ಕೆಡಿಸಿ ಬೆಳವಣಿಗೆ ತಗ್ಗಿಸುತ್ತದೆ.

ಈಗಲೇ ಮಾಡಬೇಕಾದದ್ದು: ಎಳೆ ಹೆಣ್ಣು, ಗಬ್ಬದವು, ಹಾಲೂಡಿಸುವವು, ಗಂಡು, ಈ ನಾಲ್ಕಕ್ಕೂ ಆ ಜೋಳ ನಿಲ್ಲಿಸಿ. ಒಳ್ಳೆ ಜೋಳದ ಜೊತೆ ಬೆರೆಸಿಯೂ ಕೊಡಬೇಡಿ. ಆಮೇಲೆ ಲ್ಯಾಬಿಗೆ ಸ್ಯಾಂಪಲ್ ಕಳಿಸಿ. ವಿಷ ರಾಶಿಯಲ್ಲಿ ಸಮನಾಗಿ ಹರಡಿರುವುದಿಲ್ಲ, ಅಲ್ಲಲ್ಲಿ ಗುಂಪಾಗಿರುತ್ತದೆ. ಒಂದೇ ಚೀಲದ ಬಾಯಿಂದ ಒಂದು ಹಿಡಿ ತೆಗೆದರೆ ವರದಿ ನಿಮ್ಮನ್ನೇ ದಾರಿ ತಪ್ಪಿಸುತ್ತದೆ. ಹಲವು ಚೀಲಗಳ ಮೇಲೆ, ನಡುವೆ, ಕೆಳಗೆ ಸ್ವಲ್ಪ ಸ್ವಲ್ಪ ತೆಗೆದು ಬೆರೆಸಿ. ವರದಿ ಹೋಲಿಸಲು ಐರೋಪ್ಯ ಒಕ್ಕೂಟದ 2006ರ ಮಾರ್ಗಸೂಚಿ ಇದೆ: ಪೂರ್ತಿ ಫೀಡಿನಲ್ಲಿ (ಬರೀ ಜೋಳದಲ್ಲಲ್ಲ) ಕೆಜಿಗೆ ಹೆಚ್ಚೆಂದರೆ ಡಾನ್ 0.9 ಮಿಲಿಗ್ರಾಂ, ಜಿಯರಲೆನೋನ್ ಮರಿಗಳಿಗೂ ಎಳೆ ಹೆಣ್ಣುಗಳಿಗೂ 0.1, ತಾಯಿ ಹಂದಿಗೆ 0.25.

ಫೀಡಿಗೆ ಬೆರೆಸಿ ವಿಷವನ್ನು ಹಿಡಿದಿಡುವ ಬೈಂಡರ್ ಬಗ್ಗೆಯೂ ಕೇಳಿದ್ದೀರಿ. ಬೆಂಟೊನೈಟ್ ಮಣ್ಣು ಅಫ್ಲಾಟಾಕ್ಸಿನ್ನನ್ನು ಚೆನ್ನಾಗಿ ಹಿಡಿಯುತ್ತದೆ. ಡಾನ್, ಜಿಯರಲೆನೋನ್ ಮೇಲೆ ಅದರ ಆಟ ಅಷ್ಟಾಗಿ ನಡೆಯುವುದಿಲ್ಲ. ಅದನ್ನೇ ನಂಬಿ ಹಾಳು ಜೋಳ ತಿನ್ನಿಸುವುದು ಬೇಡ.

ಒಳ್ಳೆ ಫೀಡ್ ಕೊಟ್ಟರೆ ಎಳೆಯವುಗಳ ಊತ ಕೆಲವೇ ವಾರಗಳಲ್ಲಿ ಸಾಮಾನ್ಯವಾಗಿ ಇಳಿಯುತ್ತದೆ. ಬೆದೆಗೆ ಬಾರದ ತಾಯಂದಿರಿಗೆ ಡಾಕ್ಟರ್ ಬೆದೆಗೆ ತರಲು ಪ್ರೊಸ್ಟಾಗ್ಲಾಂಡಿನ್ ಎಂಬ ಇಂಜೆಕ್ಷನ್ ಕೊಡಬಹುದು. ಅದಕ್ಕೂ ಮುಂಚೆ ಸ್ಕ್ಯಾನ್ ಮಾಡಿಸಲೇಬೇಕು, ನಿಜವಾಗಿ ಗಬ್ಬ ಇದ್ದರೆ ಆ ಇಂಜೆಕ್ಷನ್ನಿಗೆ ಕಂದುಹಾಕುತ್ತದೆ.