ಪ್ರತಿಕ್ರಿಯೆ: ಧುಮುಕುವ ಟರ್ನ್ ಮಸುಕು, ಹಿಂದಿನ ಅಲೆ ಸ್ಪಷ್ಟ
ಮಲ್ಪೆಯಲ್ಲಿ ಸಂಜೆ ತೆಗೆದ ಚಿತ್ರಗಳಲ್ಲಿ ಟರ್ನ್ ಹಕ್ಕಿ (ಮೀನಿಗಾಗಿ ನೀರಿಗೆ ಧುಮುಕುವ ಕಡಲಹಕ್ಕಿ) ಮಸುಕು, ಅಲೆ ಮಾತ್ರ ಸ್ಪಷ್ಟ ಅಂದಿದ್ದೀರಿ. ಲೆನ್ಸಿನ ದೋಷ ಇರಲಿಕ್ಕಿಲ್ಲ. ಹಕ್ಕಿ ಬೀಳುವಾಗ ಫೋಕಸ್ ಹಿಂದಿನ ಅಲೆಗೆ ಜಾರುತ್ತಿದೆ. ನನಗೂ ಹೀಗೇ ಆಗುತ್ತಿತ್ತು.

ಮೊದಲು ಹೊತ್ತು ಬದಲಿಸಿ. ನಮ್ಮ ಕಡಲು ಪಶ್ಚಿಮಕ್ಕಿದೆ, ಬೆಳಿಗ್ಗೆ ಹೋದರೆ ಸೂರ್ಯ ನಿಮ್ಮ ಬೆನ್ನ ಹಿಂದೆ ಇರುತ್ತಾನೆ. ನಿರಂತರ ಫೋಕಸ್ (ಚಲಿಸುವುದನ್ನು ಹಿಂಬಾಲಿಸುವ ಫೋಕಸ್) ಇಟ್ಟು ಮಧ್ಯದ ನಾಲ್ಕೈದು ಫೋಕಸ್ ಪಾಯಿಂಟ್ ಮಾತ್ರ ಬಳಸಿ. ಶಟರ್ 1/2500 ಸೆಕೆಂಡ್ ಅಥವಾ ಅದಕ್ಕೂ ವೇಗ, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಆಟೋ. ಬಿಳಿ ರೆಕ್ಕೆಯ ವಿವರ ಅಳಿಸಿಹೋಗದಂತೆ ಎಕ್ಸ್‌ಪೋಷರ್ ಕಾಂಪೆನ್ಸೇಶನ್ -0.7, ಅಂದರೆ ಚಿತ್ರ ತುಸು ಗಾಢ. ಕ್ಯಾಮೆರಾ ಯಾವುದೆಂದು ನೀವು ಬರೆದಿಲ್ಲ, ಹಾಗಾಗಿ ಮೆನುವಿನಲ್ಲಿ ಹೆಸರು ಬೇರೆ ಇರಬಹುದು.

ಆಮೇಲೆ ಹಕ್ಕಿಯನ್ನೇ ನೋಡುತ್ತಿರಿ, ಇದೇ ಮುಖ್ಯ. ಮೀನು ಹುಡುಕುವ ಟರ್ನ್ ಕೊಕ್ಕು ಕೆಳಗೆ ಮಾಡಿಕೊಂಡೇ ಹಾರುತ್ತದೆ. ಮೀನು ಕಂಡರೆ ರೆಕ್ಕೆ ಬಡಿಯುತ್ತ, ಬಾಲ ಅಗಲಿಸಿ, ಎಷ್ಟೋ ಸಲ ಒಂದು ಕ್ಷಣ ಗಾಳಿಯಲ್ಲೇ ನಿಲ್ಲುತ್ತದೆ. ಫೋಕಸ್ ಹಿಡಿಯಬೇಕಾದ್ದು ಆಗ. ರೆಕ್ಕೆ ಮಡಚಿದ ಮೇಲೆ ಹಿಡಿಯಲು ಹೋದರೆ ತಡವಾಯಿತು. ಕೆಲವು ಸಲ ಅರ್ಧಕ್ಕೇ ಮೇಲೇಳುತ್ತದೆ. ಆಗಲೂ ವ್ಯೂಫೈಂಡರಿನಿಂದ ಕಣ್ಣು ತೆಗೆಯಬೇಡಿ.

ನೀರಿನಂಚಲ್ಲಿ ಮಂಡಿಯೂರಿ ಕೂತರೆ ಹಿನ್ನೆಲೆಯೂ ದೂರವಾಗುತ್ತದೆ. ಅಳಿವೆಯ ಮರಳದಿಬ್ಬದ ಮೇಲೆ ಗುಂಪು ಕೂತಿದ್ದರೆ ದಯವಿಟ್ಟು ಎಬ್ಬಿಸಬೇಡಿ, ಅವು ವಿಶ್ರಾಂತಿಯಲ್ಲಿರುತ್ತವೆ.