ಮೆಲ್ಲಗೆ ನುಂಗಿದ ಮಾತು

ವಯಸ್ಸು 64, ಶ್ವಾಸಕೋಶದ ಕ್ಯಾನ್ಸರ್. ಮೈಸೂರು ಕಡೆಯ ಕಥೋಲಿಕ ಮನೆ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.

ನನ್ನ ಹತ್ತಿರ ಬಂದದ್ದು ಮಗ. "ಅಪ್ಪ ಮಾತೇ ಬಿಟ್ಟಿದ್ದಾರೆ. ಅಮ್ಮ ಫಾದರನ್ನ ಕರೆಸೋಣ ಅಂತಾರೆ. ಎಣ್ಣೆ ಹಚ್ಚಿಸಿದ್ರೆ ಅಪ್ಪನಿಗೆ ಗೊತ್ತಾಗಿಬಿಡುತ್ತೆ, ಅಲ್ವಾ ಮೇಡಂ?"

ಕಾಯಿಲೆ ಬಿಗಡಾಯಿಸಿದವರಿಗೆ ಪಾದ್ರಿ ಪ್ರಾರ್ಥಿಸಿ ಎಣ್ಣೆ ಹಚ್ಚುವ ವಿಧಿ ಅದು. ಹಚ್ಚಿಸಿದರೆ ಸಾವು ಹತ್ತಿರ ಎಂದು ಅಪ್ಪನಿಗೆ ತಿಳಿದುಬಿಡುತ್ತದೆ ಎಂಬ ಅಂಜಿಕೆ ಮಗನದ್ದು. ಕೀಮೋ ನಿಲ್ಲಿಸಿ ಮನೆಗೆ ಕಳಿಸಿದ ಮನುಷ್ಯನಿಗೆ ಇನ್ನೇನು ಗೊತ್ತಾಗಬೇಕು!

ನಾನು ಹೋದಾಗ ಸಂಜೆ ಜಪಮಾಲೆಯ ಹೊತ್ತು. ನಾನು ಕ್ರೈಸ್ತಳಲ್ಲ, ಅದಕ್ಕೇ ಇರಬೇಕು, ಸ್ವಲ್ಪ ಜಾಸ್ತಿ ಕಿವಿಗೊಟ್ಟು ಕೇಳಿದೆ. ಅವರು ಮೂರು ದಿಂಬಿಗೆ ಒರಗಿ, ನಡುನಡುವೆ ಉಸಿರು ಎಳೆದುಕೊಳ್ಳುತ್ತಾ ಯೇಸುವಿನ ತಾಯಿ ಮರಿಯಮ್ಮನ ಪ್ರಾರ್ಥನೆಯ ಮೊದಲ ಅರ್ಧ ಹೇಳುತ್ತಿದ್ದರು. ಉಳಿದರ್ಧ ಮನೆಯವರದ್ದು. ಈಗಲೂ, ನಮ್ಮ ಮರಣದ ಹೊತ್ತಿನಲ್ಲೂ ನಮಗಾಗಿ ಪ್ರಾರ್ಥಿಸು ಎನ್ನುವ ಭಾಗ ಅದು. 'ಮರಣ' ಬಂದಾಗಲೆಲ್ಲ ಎಲ್ಲರ ದನಿಯೂ ಇಳಿದುಬಿಡುತ್ತಿತ್ತು. ಹತ್ತು ಸಲದ ಐದು ಸುತ್ತಿನ ಜಪಮಾಲೆ, ಅಂದರೆ ಆ ಸುತ್ತುಗಳಲ್ಲೇ 50 ಸಲ. ಅವರು ಗೋಡೆ ನೋಡುತ್ತಿದ್ದರು.

ಆಮೇಲೆ ಒಬ್ಬರೇ ಇದ್ದಾಗ ಕೇಳಿದೆ. "ಸಾಯೋದಕ್ಕಲ್ಲ ಮೇಡಂ. ಉಸಿರು ಕಟ್ಟಿ ಒದ್ದಾಡ್ತೀನಲ್ಲ, ಅದಕ್ಕೆ ಭಯ. ಹೇಳಿದ್ರೆ, ನಂಬಿಕೆ ಇಲ್ವಾ ನಿಮಗೆ ಅಂತಾರೆ."

ಮೊದಲ ಸಲಹೆ ದೇವರದ್ದಲ್ಲ, ಡಾಕ್ಟರದ್ದು. ನೋವು, ಸಂಕಟ ಕಡಿಮೆ ಮಾಡುವ ಉಪಶಾಮಕ (ಪ್ಯಾಲಿಯೇಟಿವ್) ಆರೈಕೆಯ ವೈದ್ಯರ ಹತ್ತಿರ ಈ ಭಯವನ್ನೇ ಹೇಳಿ ಎಂದೆ. ಉಸಿರಿನ ಸಂಕಟಕ್ಕೂ ನೋವಿನ ಔಷಧಿ ಮಾರ್ಫಿನನ್ನು ಸಣ್ಣ ಪ್ರಮಾಣದಲ್ಲಿ ಕೊಡುತ್ತಾರೆ. ಮುಖಕ್ಕೆ ಸಣ್ಣ ಫ್ಯಾನಿನ ಗಾಳಿ ಬಿದ್ದರೂ ಎಷ್ಟೋ ಹಗುರ. ಎರಡೂ ಶುರುವಾದವು.

ಮನೆಯವರಿಗೆ ಹೇಳಿದ್ದು ಇಷ್ಟು. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ಯೇಸುವೇ ಈ ಸಂಕಟದ ಪಾತ್ರೆ ನನ್ನಿಂದ ದೂರವಾಗಲಿ ಎಂದು ಬೇಡಿಕೊಂಡವನು. ಎಚ್ಚರವಾಗಿರಿ ಎಂದರೂ ಶಿಷ್ಯರು ನಿದ್ದೆ ಹೋಗಿದ್ದರು. ನೀವು ಎಚ್ಚರವಾಗಿದ್ದರೆ ಸಾಕು, ಸುಮ್ನೆ ಕೈ ಹಿಡಿದು ಕೂತಿರಿ. ಭಯಕ್ಕೆ ಉತ್ತರ ಕೊಡಬೇಡಿ.

ಎಣ್ಣೆಯ ವಿಚಾರ ಫಾದರೇ ಬಿಡಿಸಿ ಹೇಳಿದರು. ಹಿಂದೆ ಅದಕ್ಕೆ ಕೊನೆಯ ಅಭ್ಯಂಗ ಎನ್ನುತ್ತಿದ್ದರಂತೆ. 1962–65ರಲ್ಲಿ ಜಗತ್ತಿನ ಕಥೋಲಿಕ ಬಿಷಪರು ಸೇರಿದ ಎರಡನೇ ವ್ಯಾಟಿಕನ್ ಸಭೆ, ಇದಕ್ಕೆ ರೋಗಿಗಳ ಅಭ್ಯಂಗ ಎಂಬ ಹೆಸರೇ ಹೆಚ್ಚು ಸರಿ, ಕೊನೆಯುಸಿರಿನವರೆಗೂ ಕಾಯಬೇಕಿಲ್ಲ ಎಂದಿತು. ಆದರೂ ಮಗ ಹಿಂಜರಿದ. ಅಪ್ಪನನ್ನೇ ಕೇಳು ಎಂದೆ. ಕೇಳಿದ. "ನೀವೇ ಹೆದರ್ತೀರ ಅಂತ ನಾನು ಕೇಳಿರಲಿಲ್ಲ" ಅಂದರಂತೆ.

ಹಣೆಗೆ, ಅಂಗೈಗಳಿಗೆ ಎಣ್ಣೆ ಹಚ್ಚಿದರು. ಆ ಅಂಗೈಯನ್ನು ಅವರು ರಾತ್ರಿಯವರೆಗೂ ಒರೆಸಲು ಬಿಡಲಿಲ್ಲವಂತೆ.

ಉಸಿರಿನ ತೊಂದರೆ ಪೂರ್ತಿ ಹೋಗಲಿಲ್ಲ, ಕೆಲವು ರಾತ್ರಿ ಅತ್ತರು ಕೂಡ. ಐದು ವಾರ ಇದ್ದರು. ಆಮೇಲೆ ಅವರ ಹೆಂಡತಿ ಸಿಕ್ಕಾಗ ಹೇಳಿದರು: "ಕೊನೆಕೊನೆಗೆ ಜಪಮಾಲೆ ಶುರು ಮಾಡೋಕೆ ನನಗೆ ಹೇಳ್ತಿದ್ರು. ಉಳಿದರ್ಧ ನಾನು ಹೇಳ್ತೀನಿ ಅಂತ."